ಹುಲ್ಲುಗಂಟಿನ ದುಗ್ಗಿ

ಬಹಳ ಹಿಂದಿನ ಮಾತು. ನನ್ನ ಅಜ್ಜಿಗೇ ಇದು ಹಳೆಯ ಕತೆಯಾಗಿತ್ತು. ಕರಡದ ಬೆಟ್ಟದ ಬುಡದಲ್ಲಿ ಹೆರ್ಲೆ ಅಂತ ಒಂದು ಹಳ್ಳಿ. ಅಲ್ಲಿ ದುಗ್ಗಿ ಅಂತ ಒಬ್ಬಳಿದ್ದಳಂತೆ, ಹುಲ್ಲು ಕೊಯ್ಯುವವಳು.

ಆ ಬೆಟ್ಟ ನೀವೂ ನೋಡಿದ್ದೀರಲ್ಲ, ಮೇಲೆ ಒಂದೂ ಮರವಿಲ್ಲ. ಬರೀ ಹುಲ್ಲು, ಆಳೆತ್ತರದ ಹುಲ್ಲು. ಮಂಜು ಇಳಿದರೆ ತನ್ನ ಕಾಲು ತನಗೇ ಕಾಣದು. ಹುಲ್ಲು ಎಲ್ಲಿ ಮುಗಿಯಿತು, ಪ್ರಪಾತ ಎಲ್ಲಿ ಶುರುವಾಯಿತು, ತಿಳಿಯದು. ದುಗ್ಗಿಯ ಗಂಡ ಬೈರ, ತಪ್ಪಿಸಿಕೊಂಡ ಎಮ್ಮೆಯನ್ನು ಹುಡುಕಿಕೊಂಡು ಹೋದವನು, ಹಾಗೇ ಜಾರಿಬಿದ್ದನಂತೆ. ಎಮ್ಮೆ ಸಂಜೆಗೆ ತಾನೇ ಕೊಟ್ಟಿಗೆಗೆ ಬಂತಂತೆ. ಬೈರ ಬರಲಿಲ್ಲ.

ದುಗ್ಗಿ ಅತ್ತಳು. ಅತ್ತು ಮುಗಿಯಲಿಲ್ಲ, ಆದರೂ ಎದ್ದಳು. ಗಟ್ಟಿ ನೆಲ ಯಾವುದೆಂದು ಕೋಲೂರಿ ನೋಡುತ್ತಾ, ದಾರಿಯ ಗುರುತಿಗೆ ಹತ್ತು ಹೆಜ್ಜೆಗೊಂದು ಹಿಡಿ ಹುಲ್ಲನ್ನು ಸೇರಿಸಿ ಗಂಟು ಹಾಕುತ್ತಾ ಬೆಟ್ಟ ಹತ್ತಿದಳಂತೆ. ಬೇಸಿಗೆಗೆ ಹುಲ್ಲು ಒಣಗಿತು, ಗಂಟು ಉದುರಿತು. ಮಳೆಗೆ ಹೊಸ ಹುಲ್ಲು ಬಂತು, ಮತ್ತೆ ಗಂಟು ಹಾಕಿದಳು. ಹೀಗೇ ವರ್ಷ ವರ್ಷ. ಆದರೆ ಬೈರ ಬಿದ್ದ ತಿರುವಿನ ತನಕ ಮಾತ್ರ. ಅಲ್ಲಿಂದ ಮುಂದೆ ಅವಳು ಕಾಲಿಡಲಿಲ್ಲ. ಗಂಟಿಲ್ಲದ ಕಡೆ ಹೋಗುವ ಧೈರ್ಯ ಯಾರಿಗೂ ಇರಲಿಲ್ಲ, ಹಾಗಾಗಿ ಊರಿನವರು ಯಾರೂ ಬೆಟ್ಟದ ತುದಿ ಕಂಡಿರಲಿಲ್ಲ ಅಂತಾರೆ.

ಒಂದು ಸಲ ಆಚೆ ಸೀಮೆಯ ಚೆಲುವಿ ಅಂತ ಒಬ್ಬಳು, ಹಸಿ ಬಾಣಂತಿ, ಕೂಸನ್ನು ಎದೆಗೆ ಕಟ್ಟಿಕೊಂಡು ಬೆಟ್ಟದ ಮಗ್ಗುಲಲ್ಲಿ ಬರುತ್ತಾ ಮಂಜಿಗೆ ಸಿಕ್ಕಿದಳು. ದಿಕ್ಕು ತೋಚದೆ ಕೂತು ಕೈಯಾಡಿಸಿದಾಗ ಗಂಟೊಂದು ಸಿಕ್ಕಿತಂತೆ. ಗಂಟಿನಿಂದ ಗಂಟಿಗೆ ತಡವುತ್ತಾ ಇಳಿದಳು. ಕೆಳಗೆ ದುಗ್ಗಿಯ ಅಂಗಳ. ದುಗ್ಗಿ ಏನೂ ಕೇಳದೆ ಕೂಸನ್ನು ಒಲೆಯ ಹತ್ತಿರ ಬೆಚ್ಚಗೆ ಮಲಗಿಸಿದಳಂತೆ.

ಕೂಸು ದೊಡ್ಡದಾಯಿತು, ದುಗ್ಗಿ ಮುದುಕಿಯಾದಳು. ಆಗೊಮ್ಮೆ ಚೆಲುವಿ ಬಂದು, ತುದಿಗೆ ಹೋಗೋಣ ಬಾ ಅಂದಳು.

"ಅವನ ಕಾಲು ನಿಂತಲ್ಲಿ ನನ್ನದೂ ನಿಂತಿತು ಮಗಾ," ಅಂದಳು ದುಗ್ಗಿ.

ಚೆಲುವಿ ವಾದ ಮಾಡಲಿಲ್ಲ. "ಸರಿ, ತಿರುವಿನ ತನಕ ಜೊತೆಗೆ ಬರ್ತೀನಿ. ಅಲ್ಲೇ ಕೂತಿರೋಣ."

ಕೂತರು. ಊರಿನ ನಾಲ್ಕು ಜನ ಹಿಂದೆ ಬಂದು ತಾವೂ ಕೂತರು. ಬಿಸಿಲೇರಿತು. ದುಗ್ಗಿ ಆ ಇಳಿಜಾರನ್ನು ಬಹಳ ಹೊತ್ತು ನೋಡಿದಳು. ಆಮೇಲೆ ಯಾರಿಗೂ ಹೇಳದೆ ಎದ್ದು, ಕೋಲೂರಿ ಮುಂದೆ ನಡೆದಳಂತೆ. ಗಟ್ಟಿ ಕಾಲಿನವರಿದ್ದರು, ಒಬ್ಬರೂ ಅವಳನ್ನು ದಾಟಲಿಲ್ಲ. ಅವಳು ಉಸಿರು ತೆಗೆದುಕೊಂಡಲ್ಲಿ ಎಲ್ಲರೂ ನಿಂತರು. ತುದಿಯಲ್ಲಿ ಗಾಳಿಗೆ ಹುಲ್ಲು ಮಲಗಿ ಏಳುತ್ತಿತ್ತು.

"ಬೈರನಿಗೆ ಇದು ಹಿಡಿಸ್ತಿತ್ತು," ಅಂದಳಂತೆ. ಅಷ್ಟೇ.

ಈಗಲೂ ಕರಡದ ಬೆಟ್ಟ ಹತ್ತುವವರು ಆ ತಿರುವಿನಲ್ಲಿ ಕೂರುತ್ತಾರೆ. ಎಲ್ಲರಿಗಿಂತ ಹಿಂದೆ ಉಳಿದವರು ಬಂದು ಸೇರುವ ತನಕ ಕಾಯುತ್ತಾರೆ. ಅವರು ದಣಿವಾರಿಸಿಕೊಂಡ ಮೇಲೆ ಅವರನ್ನೇ ಮುಂದೆ ಬಿಟ್ಟು, ಅವರ ಹೆಜ್ಜೆಗೆ ತಮ್ಮ ಹೆಜ್ಜೆ ಕೂಡಿಸಿ ತುದಿಗೆ ಹೋಗುತ್ತಾರೆ.