ಡಬ್ಬಿ ಹುಡುಕಲು ಹೋದ ಜವರ

ಬನ್ನಿ, ಕೂತ್ಕೊಳ್ಳಿ. ನಗು ಬಂದ್ರೆ ನಕ್ಕುಬಿಡಿ, ತಡ್ಕೋಬೇಡಿ.

ಬೋರಮ್ಮನಿಗೆ ಒಬ್ಬನೇ ಮಗ, ಜವರ. ಹೇಳಿದ್ದನ್ನ ಮಾಡೋನು. ಹೇಳಿದಷ್ಟೇ ಮಾಡೋನು, ಅದೇ ತಾಪತ್ರಯ! ಎಲ್ಲಿ ಹೆಣ್ಣು ಕೇಳಿದ್ರೂ "ಆ ಪೆದ್ದನಿಗಾ? ಬ್ಯಾಡ್ರವ್ವ" ಅಂತಿದ್ರು. ನಾನು ಕಣ್ಣು ಮುಚ್ಚಿದ ಮೇಲೆ ಇವನಿಗೆ ಹಿಟ್ಟು ಇಕ್ಕೋರು ಯಾರು ಅಂತ ಬೋರಮ್ಮನಿಗೆ ಒಂದೇ ಚಿಂತೆ.

ಕೊನೆಗೆ ಗುಂಡುಕಲ್ಲಹಳ್ಳಿ ಹುಡುಗಿ ಸೌಭಾಗ್ಯ ನೋಡೋಣ ಅಂದಳು. ಅವಳಿಗೊಂದು ಆಟದ ಹುಚ್ಚು. ಊರ ಹತ್ತಿರ ಒಂದು ಡಬ್ಬಿ ಬಚ್ಚಿಡೋದು, ಅದು ಇರೋ ಜಾಗಕ್ಕೆ ಫೋನಿನಲ್ಲಿ ಚುಕ್ಕಿ ಹಾಕೋದು. ಆ ಊರಿಗೆ ಬರೋರು ಮೊದಲೇ ಚುಕ್ಕಿ ನೋಡ್ಕೊಂಡು ಬಂದು ಹುಡುಕಬೇಕು, ಒಳಗಿನ ಚೀಟಿಗೆ ಹೆಸರು ಬರೆದು, ಇದ್ದ ಹಾಗೇ ಇಡಬೇಕು.

"ಹುಡುಗ ನಮ್ಮನೆಗೆ ಬರೋಕೆ ಮುಂಚೆ ಡಬ್ಬಿ ಹುಡುಕಲಿ. ಹುಡುಕೋ ತಾಳ್ಮೆ ಇದ್ರೆ ಬಾಳೋ ತಾಳ್ಮೆನೂ ಇರ್ತದೆ" ಅಂತ ಹೇಳಿ ಕಳಿಸಿದಳು.

ಬೋರಮ್ಮ ಮಗನ ಕೈಗೆ ಫೋನು ಕೊಟ್ಟಳು. "ಹೋಗ್ಲಾ, ಡಬ್ಬಿ ಹುಡುಕು!"

ಹೋದ, ಬಂದ.

"ಸಿಕ್ತಾ?"

"ಸಿಕ್ತು ಕಣವ್ವ! ಬಂಡೆ ಸಂದೀಲಿತ್ತು!"

"ಹೆಸರು ಬರೆದ್ಯಾ?"

"ಹುಡುಕು ಅಂದೆ, ಹುಡುಕ್ದೆ!"

"ಅಯ್ಯೋ ಪೆದ್ದೇ! ಸಿಕ್ಕಿದ ಮೇಲೆ ನಿನ್ನ ಹೆಸರು ಬರೀಬೇಕು ಕಣ್ಲಾ!"

"ಆಗಲಿ ಕಣವ್ವ."

ಮಾರನೆ ದಿನ ಹೊರಟ. ದಾರೀಲಿ ತಪ್ಪಿಸ್ಕೊಂಡ ಬಿಳಿ ಮೇಕೆ ಸಿಕ್ಕಿತು. ಅದು ಸೌಭಾಗ್ಯನ ಅಪ್ಪ ಮಂಚಯ್ಯನದು. ಜವರ ಇದ್ದಿಲು ತಗೊಂಡು ಮೇಕೆ ಮೈಮೇಲೆ 'ಜವರ' ಅಂತ ಬರೆದು ಮನೆಗೆ ಬಂದ. ಹಿಂದೇನೇ ಮಂಚಯ್ಯ ಬಂದ. "ನನ್ನ ಮೇಕೆಗೆ ಇವನ ಹೆಸರೇನವ್ವ?" ಬೋರಮ್ಮ ಕೈಮುಗಿದು ಕಳಿಸಿ, ಮಗನ ಕಡೆ ತಿರುಗಿದಳು.

"ಥೂ ದಡ್ಡ! ಹಗ್ಗ ಕಟ್ಟಿ ದರದರ ಎಳ್ಕೊಂಡೋಗಿ ಅವರ ಹಟ್ಟಿ ಮುಂದೆ ಬಿಡಬೇಕು ಕಣ್ಲಾ!"

"ಆಗಲಿ ಕಣವ್ವ."

ಮತ್ತೆ ಹೋದ. ಡಬ್ಬಿ ಸಿಕ್ಕಿತು. ಹಗ್ಗ ಕಟ್ಟಿದ, ಮಂಚಯ್ಯನ ಹಟ್ಟಿ ಮುಂದಕ್ಕೆ ದರದರ ಎಳೆದ. ಕಲ್ಲಿಗೆ ಬಡಿದು ಮುಚ್ಚಳ ಹಾರಿತು, ಚೀಟಿ ಕಳ್ಳಿಗೆ ಸಿಕ್ಕಿಕೊಂಡಿತು. ಮಂಚಯ್ಯ ಹಲ್ಲು ಕಡಿದ. ಸೌಭಾಗ್ಯ ಮಾತ್ರ ಹೊಟ್ಟೆ ಹಿಡ್ಕೊಂಡು ನಕ್ಕಳು. "ಅಲ್ರೀ, ಕಿತ್ಕೊಂಡು ಬಂದ್ರೆ ಹೆಂಗೆ? ಇನ್ನೊಬ್ಬರಿಗೂ ಸಿಗಬೇಕಲ್ವಾ! ಹೋಗಲಿ, ನಾಳೆ ನಿಮ್ಮವ್ವನ್ನ ಕರ್ಕೊಂಡು ಬನ್ನಿ."

ಬೋರಮ್ಮ ಹಣೆ ಬಡ್ಕೊಂಡಳು. "ಪೆದ್ದೇ! ಸಿಕ್ಕಿದ್ದನ್ನ ಸಿಕ್ಕಿದ ಕಡೇನೇ, ಯಾರ ಕಣ್ಣಿಗೂ ಬೀಳದಂಗೆ ಮುಚ್ಚಿಟ್ಟು ಬರಬೇಕು ಕಣ್ಲಾ!"

"ಆಗಲಿ ಕಣವ್ವ."

ಮಾರನೆ ದಿನ ತಾಯಿ ಮಗ ಮಡಿ ಬಟ್ಟೆ ಉಟ್ಕೊಂಡು ಹೋದರು. ದಾರಿಯುದ್ದಕ್ಕೂ ಬೋರಮ್ಮ ದೇವರನ್ನ ನೆನೆದಳು. ಇದು ತಪ್ಪಿದ್ರೆ ಇನ್ಯಾವ ಹೆಣ್ಣು? ಹುಡುಗ ಹುಡುಗಿ ಮಾತಾಡ್ಕೊಳ್ಳಲಿ ಅಂತ ಇಬ್ಬರನ್ನೂ ಹಿತ್ತಲಿಗೆ ಕಳಿಸಿದರು.

ಹುಲ್ಲು ಮೆದೆ ಪಕ್ಕ ಕೂತು ಸೌಭಾಗ್ಯ ಮೆಲ್ಲಗೆ ಅಂದಳು: "ನೀವು ಪೆದ್ದರೇ ಸರಿ. ಆದ್ರೆ ಸುಳ್ಳು ಗೊತ್ತಿಲ್ಲ. ನಂಗೆ ಒಪ್ಪಿಗೆ ಕಣ್ರೀ."

ಜವರನಿಗೆ ಹಿಡಿಸಲಾರದಷ್ಟು ಸಂತೋಷ. ಹೆಣ್ಣು ಸಿಕ್ಕೇಬಿಟ್ಟಳು!

"ಅಲ್ಲಾಡಬೇಡಿ" ಅಂದ. ಇದ್ಯಾವುದೋ ಹೊಸ ಆಟ ಅಂದ್ಕೊಂಡು ಅವಳು ನಗ್ತಾ ಕೂತಳು. ಜವರ ಹುಲ್ಲು ತಂದ, ಹಾಕಿದ. ತಂದ, ಹಾಕಿದ. ಜಡೆಯ ತುದಿಯೂ ಕಾಣದ ಹಾಗೆ ಮುಚ್ಚಿ, ಕೈ ಕೊಡವಿಕೊಂಡು ಒಳಗೆ ಬಂದ.

ಮಂಚಯ್ಯ ಎಲೆಯಡಿಕೆ ತಟ್ಟೆ ಹಿಡಿದು ಕಾಯ್ತಿದ್ದ. ಬೋರಮ್ಮ ಕೇಳಿದಳು, "ಏನ್ಲಾ, ಹುಡುಗಿ ಏನಂದಳು?"

"ಒಪ್ಪಿದಳು ಕಣವ್ವ!"

"ಅಪ್ಪಾ ದೇವರೇ! ಎಲ್ಲಿ ಅವಳು? ಕರಿಯೋ, ಹೂ ಮುಡಿಸ್ತೀನಿ!"

"ಅದನ್ನ ಹೇಳಬಾರದು ಕಣವ್ವ. ಮುಚ್ಚಿಟ್ಟು ಬಂದಿವ್ನಿ. ಫೋನಿನಲ್ಲಿ ಚುಕ್ಕಿ ಹಾಕಿವ್ನಿ."

ಮಂಚಯ್ಯ ತಟ್ಟೆ ಹಿಂದಕ್ಕೆಳ್ಕೊಂಡ. "ಯಾಕಪ್ಪಾ?!"

ಜವರ ನಿಧಾನವಾಗಿ, ತಿಳಿಯದೋರಿಗೆ ತಿಳಿಹೇಳೋ ಹಾಗೆ ಹೇಳಿದ:

"ಇನ್ನೊಬ್ಬರಿಗೂ ಸಿಗಬೇಕಲ್ವಾ, ಮಾವ!"