ನೆಲದೊಳಗಿನ ಅಣಬೆಗೆ ಹೊರಟ ತೆರ್ಸಿಲ್ಲ

ಒಂದಾನೊಂದು ಕಾಲದಲ್ಲಿ, ಅಂದ್ರೆ ನಾನೂ ಹುಟ್ಟಿರಲಿಲ್ಲ, ನಮ್ಮಜ್ಜಿಯೂ ಹುಟ್ಟಿರಲಿಲ್ಲ, ಆವಾಗ ಇಟಲಿ ಅನ್ನೋ ದೇಶದಲ್ಲಿ ಒಂದು ಗುಡ್ಡದ ಊರಿತ್ತಂತೆ. ಮೊದಲು ಕಾಲು ಚಾಚಿ ಮಲಕ್ಕೋ, ಹೊದಿಕೆ ಎಳಕೋ, ಆಮೇಲೇ ಮುಂದಕ್ಕೆ ಹೇಳೋದು. ಈ ಕತೆ ನನ್ನದಲ್ಲ ಕಣೆ ಪುಟ್ಟಿ. ನಿಮ್ಮಮ್ಮ ನನ್ನನ್ನ ಆ ದೇಶಕ್ಕೆ ಕರ್ಕೊಂಡು ಹೋಗಿದ್ಲಲ್ಲ, ಆಗ ಒಂದಿನ ಹಳ್ಳಿ ಕಡೆ ಒಂದು ಮನೇಲಿ ಅಡುಗೆ ಹೇಳಿಕೊಡ್ತಾರೆ ಅಂತ ಹೋಗಿದ್ವಿ. ಬೆಳಿಗ್ಗೆ ನಾಯಿ ಹಿಂದೆ ಕಾಡು ಸುತ್ತೋದು, ಮಧ್ಯಾಹ್ನ ಕೂತು ಹಿಟ್ಟು ನಾದೋದು. ಆ ಮನೆ ಅಜ್ಜಿ ಹಿಟ್ಟು ನಾದ್ತಾ ನಾದ್ತಾ ಹೇಳಿದ ಕತೆ ಇದು. ಅವಳು ಅವಳ ಭಾಷೇಲಿ ಹೇಳೋಳು, ಜೊತೆಗಿದ್ದ ಹುಡುಗಿ ಅದನ್ನ ಇಂಗ್ಲಿಷಿಗೆ ತಿರುಗಿಸೋಳು, ನಿಮ್ಮಮ್ಮ ಅದನ್ನ ಕನ್ನಡ ಮಾಡಿ ನನ್ನ ಕಿವೀಗೆ ಹಾಕೋಳು. ದಾರೀಲಿ ಒಂದಿಷ್ಟು ಉದುರಿಹೋಗಿರುತ್ತೆ. ಉದುರಿದ ಕಡೆ ನಾನೇ ತೇಪೆ ಹಾಕಿದೀನಿ, ನೀನು ಕೇಳಬಾರದು ಅಷ್ಟೆ.

ಆ ಊರಲ್ಲಿ ತೆರ್ಸಿಲ್ಲ ಅಂತ ಒಬ್ಬಳು ಹುಡುಗಿ, ಅವಳಮ್ಮ ಒರ್ಸೋಲ, ಇಬ್ಬರೇ ಇದ್ರಂತೆ. ಅಪ್ಪ ತೀರಿಕೊಂಡಿದ್ದನಂತೆ. ಒರ್ಸೋಲ ಅಡುಗೇಲಿ ಎತ್ತಿದ ಕೈ. ಆದರೆ ಬಾಯಿ? ಅಯ್ಯಪ್ಪಾ! ಮಗಳು ಏನು ಮಾಡಿಟ್ಟರೂ ಅದಕ್ಕೊಂದು ಹೆಸರಿಡದೆ ತಿಂದವಳೇ ಅಲ್ಲವಂತೆ. ಒಂದಿನ ಉಪ್ಪು ಕಮ್ಮಿ, ಇನ್ನೊಂದಿನ ಬೆಣ್ಣೆ ಜಾಸ್ತಿ, ಮತ್ತೊಂದಿನ ಇದೇನೇ ಶಾವಿಗೆಯೋ ಹಗ್ಗವೋ ಅಂತ. ಹೂಂ ಕಣೆ, ಅಲ್ಲೂ ಶಾವಿಗೆ ಮಾಡ್ತಾರೆ, ಮೊಟ್ಟೆ ಹಾಕಿ ಹಿಟ್ಟು ನಾದಿ, ಲಟ್ಟಿಸಿ, ಚಾಕೂಲಿ ಸಣ್ಣಗೆ ಹೆಚ್ಚೋದು. ತೆರ್ಸಿಲ್ಲಂಗೆ ಅಮ್ಮನ ಮಾತು ಕೇಳಿ ಮೈಯೆಲ್ಲ ಉರಿಯೋದಂತೆ. ಇವಳ ಬಾಯಿಗೆ ಯಾವಾಗ ಬೀಗ ಬೀಳುತ್ತೋ ಅಂತ ಒಳಗೊಳಗೇ ಗೊಣಗೋಳಂತೆ.

ಆಮೇಲೆ ಒಂದು ವರ್ಷ ಒರ್ಸೋಲಂಗೆ ಕೆಟ್ಟ ಜ್ವರ ಬಂತಂತೆ. ಜ್ವರ ಬಿಟ್ಟಿತು, ಆದರೆ ಹೋಗೋವಾಗ ಮೂಗಿನ ವಾಸನೆ, ನಾಲಿಗೆಯ ರುಚಿ ಎರಡನ್ನೂ ಜೊತೇಲೇ ಎತ್ಕೊಂಡು ಹೋಯ್ತಂತೆ. ರೊಟ್ಟಿ ಕೊಟ್ಟರೆ ಮಣ್ಣು ತಿಂದಂಗೆ, ಹಾಲು ಕೊಟ್ಟರೆ ನೀರು ಕುಡಿದಂಗೆ. ಎರಡು ತುತ್ತು ತಿಂದು ತಟ್ಟೆ ದೂರ ತಳ್ಳೋಳಂತೆ. ದಿನದಿನಕ್ಕೂ ಬಡವಾದಳು, ಕೈಯ ಬಳೆ ಮೊಣಕೈ ತನಕ ಜಾರೋಕೆ ಶುರುವಾಯ್ತು. ತೆರ್ಸಿಲ್ಲ ಒಂದಿನ ನೋಡೇಬಿಡೋಣ ಅಂತ ಒಂದು ಕಾಳು ಉಪ್ಪೂ ಹಾಕದೆ ಸಾರು ಮಾಡಿ ಕೊಟ್ಟಳಂತೆ. ಅಮ್ಮ ಎರಡು ಚಮಚ ಕುಡಿದು ಚೆನ್ನಾಗಿದೆ ಮಗಳೇ ಅಂದ್ಲಂತೆ. ಚೆನ್ನಾಗಿದೆ! ಹುಟ್ಟಿದಾಗಿಂದ ಕೇಳದೇ ಇದ್ದ ಮಾತು. ತೆರ್ಸಿಲ್ಲ ಹಿತ್ತಲಿಗೆ ಹೋಗಿ ಗೊಳೋ ಅಂತ ಅತ್ತಳಂತೆ.

ಊರಿನ ಹೆಂಗಸರು ಒಬ್ಬೊಬ್ಬರು ಒಂದೊಂದು ಮದ್ದು ಹೇಳಿದ್ರಂತೆ. ನಿಂಬೆ ಸಿಪ್ಪೆ ಹಿಂಡು ಅಂದ್ರು, ಹಿಂಡಿದಳು. ಗರಿ ಸುಟ್ಟು ಹೊಗೆ ಹಾಕು ಅಂದ್ರು, ಹಾಕಿದಳು. ಹುಳಿ ಬಂದ ದ್ರಾಕ್ಷಿ ರಸ ಮೂಗಿಗೆ ಹಿಡಿ ಅಂದ್ರು, ಹಿಡಿದಳು. ಏನೂ ಆಗಲಿಲ್ಲ. ಆಮೇಲೆ ಒಂದು ಸಂಜೆ ಒರ್ಸೋಲ ತನ್ನಷ್ಟಕ್ಕೆ ತಾನೇ ಅಂದ್ಲಂತೆ, ಮದುವೆಯಾದ ಹೊಸತರಲ್ಲಿ ನಿಮ್ಮಪ್ಪ ಒಂದು ಟ್ರಫಲ್ ತಂದಿದ್ದ ಕಣೆ, ಅದರ ವಾಸನೆಗೆ ಗೋಡೆಗೂ ಹಸಿವಾಗಬೇಕು, ಅಂಥದ್ದು ಸಿಕ್ಕಿದ್ದರೆ ನನ್ನ ಮೂಗು ತೆರೆಯುತ್ತಿತ್ತೇನೋ, ಹೋಗಲಿ ಬಿಡು.

ತೆರ್ಸಿಲ್ಲ ಬಿಡಲಿಲ್ಲವಂತೆ.

ಟ್ರಫಲ್ ಅಂದ್ರೆ ನಿನ್ನ ಹುಟ್ಟುಹಬ್ಬದ ಕೇಕ್ ಅಲ್ಲ ಕಣೆ, ಕಣ್ಣು ಅರಳಿಸಬೇಡ. ಅದು ಅಣಬೆ. ನಮ್ಮ ಕಡೆ ಅಣಬೆ ಛತ್ರಿ ಬಿಚ್ಚಿಕೊಂಡು ನೆಲದ ಮೇಲೆ ನಿಂತಿರುತ್ತೆ. ಇದು ದೊಡ್ಡ ಮರಗಳ ಬೇರಿನ ಹತ್ತಿರ ಮಣ್ಣೊಳಗೆ ಬಚ್ಚಿಟ್ಕೊಂಡಿರುತ್ತೆ. ನೋಡೋಕೆ ಸುವರ್ಣಗೆಡ್ಡೆ ಚೂರಿನ ಹಾಗೆ ಒರಟೊರಟು. ವಾಸನೆ ಮಾತ್ರ, ಇಂಗಿನ ಡಬ್ಬಿ ಮುಚ್ಚಳ ತೆಗೆದು, ಪಕ್ಕದಲ್ಲಿ ಬೆಳ್ಳುಳ್ಳಿ ಜಜ್ಜಿ, ಅದರ ಮೇಲೆ ಮೊದಲನೇ ಮಳೆ ಬಿದ್ದಂಗೆ. ಮನುಷ್ಯರಿಗೆ ಅದು ಎಲ್ಲಿದೆ ಅಂತ ಗೊತ್ತಾಗಲ್ಲ, ನಾಯಿಗೇ ಗೊತ್ತಾಗಬೇಕು. ಆ ಊರಲ್ಲಿ ಗಂಡಸರೇ ಅದನ್ನ ಹುಡುಕೋರಂತೆ, ತಮ್ಮ ಜಾಗ ಯಾವುದು ಅಂತ ಹೆಂಡತಿಗೂ ಬಾಯಿ ಬಿಡ್ತಿರಲಿಲ್ಲವಂತೆ.

ಊರಾಚೆ ಬಾರ್ಬಾ ತಿಸ್ತಾ ಅಂತ ಒಬ್ಬ ಮುದುಕ ಇದ್ದನಂತೆ. ಬಾರ್ಬಾ ಅಂದ್ರೆ ಅಲ್ಲಿ ಮಾವ ಅಂತ. ಒಂದು ಕಾಲಕ್ಕೆ ಅವನಂಥ ಟ್ರಫಲ್ ಬೇಟೆಗಾರ ಇಲ್ಲ. ಈಗ ಮಂಡಿ ಹಿಡಿದುಹೋಗಿ ಗುಡ್ಡ ಹತ್ತೋಕಾಗದೆ ಬಾಗಿಲಲ್ಲೇ ಕೂತಿರೋನು. ಪಕ್ಕದಲ್ಲೇ ಅವನ ನಾಯಿ ಬ್ರಿಚೋಲ, ಕೆಲಸ ಇಲ್ಲದೆ ಆಕಳಿಸ್ತಾ ಬಿದ್ದಿರೋದಂತೆ. ತೆರ್ಸಿಲ್ಲ ಹೋಗಿ, ಬಾರ್ಬಾ, ನಿಮ್ಮ ನಾಯಿ ಕೊಡಿ, ನಾನು ಟ್ರಫಲ್ ಹುಡುಕ್ತೀನಿ ಅಂದ್ಲಂತೆ. ಮುದುಕ ಹೊಟ್ಟೆ ಹಿಡ್ಕೊಂಡು ನಕ್ಕನಂತೆ. ಹುಡುಗಿ, ಕೋಳಿ ಕಾಯೋಕೆ ಹೋಗು ಅಂದನಂತೆ. ಅವಳು ಬಾಗಿಲಲ್ಲೇ ಕೂತ್ಲು. ಮಾರನೇ ದಿನವೂ ಬಂದು ಕೂತ್ಲು. ಅದರ ಮಾರನೇ ದಿನ ಮಳೇಲಿ ನೆನೀತಾ ಕೂತ್ಲು. ಮುದುಕನಿಗೆ ಸಾಕಾಗಿ, ಕರ್ಕೊಂಡು ಹೋಗೇ ಮಾರಾಯ್ತಿ, ಅದು ನಿನ್ನ ಮಾತು ಕೇಳಿದರೆ ನೋಡು ಅಂತ ಹಗ್ಗ ಬಿಚ್ಚಿ ಕೊಟ್ಟನಂತೆ.

ಮೊದಲನೇ ಸಲ ಹೋದಳಂತೆ. ಗುಡ್ಡದ ಮೇಲೆ ಮಂಜು, ಕೆಳಗೆಲ್ಲ ಒದ್ದೆ ಎಲೆ. ಬ್ರಿಚೋಲ ಮೂಗು ನೆಲಕ್ಕಿಟ್ಟು ಸುತ್ತಿ ಸುತ್ತಿ ಒಂದು ಓಕ್ ಮರದ ಬುಡದಲ್ಲಿ ಕೆರೆಯಿತಂತೆ. ಅಬ್ಬಾ, ಬಂತು ನೋಡು ವಾಸನೆ! ತೆರ್ಸಿಲ್ಲ ನಾಯಿ ಕತ್ತು ಹಿಡಿದು ಪಕ್ಕಕ್ಕೆ ದಬ್ಬಿ, ಅಣಬೆ ಎತ್ತಿ, ಅಲ್ಲೇ ಕಲ್ಲಿನ ಮೇಲಿಟ್ಟು, ಇನ್ನೂ ಇದೆಯಾ ಅಂತ ಬಗ್ಗಿ ನೋಡಿದಳಂತೆ. ಎದ್ದು ನೋಡ್ತಾಳೆ, ಕಲ್ಲು ಖಾಲಿ. ಬ್ರಿಚೋಲ ನಾಲಿಗೇಲಿ ಮೂತಿ ಒರೆಸ್ಕೊಂತಾ ಕೂತಿದೆ.

ನಗಬೇಡ್ವೇ, ಅವಳಿಗೆ ಅಳು ಬಂದಿತ್ತು. ಕೆಳಗೆ ಬಂದು ಹೇಳಿದರೆ ಮುದುಕ ಏನಂದ ಗೊತ್ತಾ? ರೊಟ್ಟಿ ಚೂರು ಕೊಟ್ಯಾ ಅದಕ್ಕೆ? ಇಲ್ಲ ಅಂದ್ಲು. ದುಡಿದಿದ್ದು ಅದು, ಕಿತ್ಕೊಂಡಿದ್ದು ನೀನು, ಇನ್ನು ತಿನ್ನದೆ ಏನು ಮಾಡುತ್ತೆ ಅಂದನಂತೆ. ತೆರ್ಸಿಲ್ಲ ಆವತ್ತಿಂದ ತನ್ನ ಊಟದ ರೊಟ್ಟೀಲಿ ಗಟ್ಟಿ ಅಂಚು ಮುರಿದು ಸೊಂಟದ ಚೀಲಕ್ಕೆ ಹಾಕ್ಕೊಳ್ಳೋಳಂತೆ.

ಎರಡನೇ ಸಲ ಹೋದಳಂತೆ. ಅಮ್ಮ ಆ ಹೊತ್ತಿಗೆ ಹಾಸಿಗೆ ಬಿಟ್ಟು ಏಳೋದೂ ಕಷ್ಟವಾಗಿತ್ತು, ಇವಳಿಗೆ ತಡೀಲಾರದ ಅವಸರ. ಬ್ರಿಚೋಲ ಒಂದು ಕಡೆ ಸ್ವಲ್ಪ ಮೂಸಿ, ಇನ್ನೂ ಹೊತ್ತಾಗಿಲ್ಲ ಅನ್ನೋ ಥರ ಮುಂದಕ್ಕೆ ಹೋಯ್ತಂತೆ. ಇವಳು ಕೇಳಬೇಕಲ್ಲ! ಗುದ್ದಲಿ ತಗೊಂಡು ಗೆಣಸು ಅಗೆದಂಗೆ ಆ ಮರದ ಸುತ್ತ ಅಗೆದಳು, ಪಕ್ಕದ ಮರದ ಸುತ್ತ ಅಗೆದಳು, ಕಂಡಕಂಡಲ್ಲಿ ಗುಂಡಿ. ಕಡೆಗೆ ಗೋಲಿಯಷ್ಟು ಒಂದು ಸಿಕ್ತಂತೆ, ಎಳಸು. ಮೂಗಿಗೆ ಒತ್ತಿ ಹಿಡಿದರೂ ಏನೂ ವಾಸನೆ ಇಲ್ಲ.

ಬಾರ್ಬಾ ತಿಸ್ತಾಗೆ ಈ ಸಲ ನಗು ಬರಲಿಲ್ಲವಂತೆ, ಕೆಂಡದಂಥ ಕೋಪ ಬಂತು. ಗುಂಡಿ ಮುಚ್ಚಿದ್ಯಾ ಅಂತ ಕೇಳಿದನಂತೆ. ಇಲ್ಲ ಅಂದ್ಲು. ಅಯ್ಯೋ ಪಾಪಿ, ಬೇರಿಗೆ ಗಾಳಿ ಹೊಡೆದರೆ ಒಣಗುತ್ತೆ, ಬೇರು ಒಣಗಿದರೆ ಆ ಮರದ ಕೆಳಗೆ ಇನ್ನೊಂದು ಟ್ರಫಲ್ ಹುಟ್ಟಲ್ಲ, ತೆಗೆದವರು ಮುಚ್ಚಲೇಬೇಕು ಅನ್ನೋದು ನಮ್ಮಲ್ಲಿ ಕಳ್ಳನೂ ಮೀರದ ಕಟ್ಟಳೆ, ನನ್ನ ನಾಯಿ ಇಲ್ಲೇ ಬಿಟ್ಟು ನಡಿ ಅಂತ ಬಾಗಿಲು ಹಾಕ್ಕೊಂಡನಂತೆ.

ನೀನಾಗಿದ್ದರೆ ಏನು ಮಾಡ್ತಿದ್ದೆ? ಮುಖ ಊದಿಸ್ಕೊಂಡು ಮೂಲೇಲಿ ಕೂರ್ತಿದ್ದೆ. ತೆರ್ಸಿಲ್ಲ ಗುಡ್ಡಕ್ಕೆ ವಾಪಸ್ ಹೋದಳಂತೆ. ನಾಯಿಯೂ ಇಲ್ಲ, ಯಾರೂ ಇಲ್ಲ. ಒಂದೊಂದೇ ಗುಂಡಿ ಹತ್ತಿರ ಕೂತು, ಕೈಯಲ್ಲೇ ಮಣ್ಣು ತುಂಬಿ, ಮೆತ್ತಗೆ ಅದುಮಿ, ಮೇಲೆ ಎಲೆ ಹರಡಿ, ಮಗು ಮಲಗಿಸಿದಂಗೆ ಮಾಡಿದಳಂತೆ. ಅಷ್ಟೇ ಅಲ್ಲ, ಬೇರೆ ಯಾರೋ ಅವಸರದಲ್ಲಿ ಬಿಟ್ಟುಹೋದ ಗುಂಡಿಗಳೂ ಇದ್ದವು, ಬೈಕೊಂಡು ಬೈಕೊಂಡು ಅವನ್ನೂ ಮುಚ್ಚಿದಳಂತೆ. ಉಗುರಿನ ಸಂದಿಯೆಲ್ಲ ಮಣ್ಣು, ಬೆನ್ನು ನೆಟ್ಟಗಾಗಲ್ಲ. ಕೆಳಗೆ ಬಂದು ಮುದುಕನ ಬಾಗಿಲು ತಟ್ಟಿ, ಎರಡು ಕೈ ಮುಂದೆ ಚಾಚಿ ತೋರಿಸಿದಳಂತೆ. ಅವನು ಆ ಕೈ ನೋಡಿದ, ಒಳಗೆ ಹೋಗಿ ಹಗ್ಗ ತಂದುಕೊಟ್ಟ.

ಮೂರನೇ ಸಲ ಹೋದಳಂತೆ. ಬ್ರಿಚೋಲ ಹೇಳಿದ ಕಡೇನೇ ಅಗೆದಳು, ರೊಟ್ಟಿ ಚೂರು ಕೊಟ್ಟಳು, ಗುಂಡಿ ಮುಚ್ಚಿದಳು. ಬಟಾಟೆಯಷ್ಟು ದೊಡ್ಡ ಟ್ರಫಲ್ ಸಿಕ್ತಂತೆ! ಕುಣಿದುಕೊಂಡು ಮನೆಗೆ ಬಂದು, ನೀರು ಕುದಿಯೋಕಿಟ್ಟು, ಬೆಳ್ಳುಳ್ಳಿ ಹಾಕಿ, ಸೊಪ್ಪು ಹಾಕಿ, ಟ್ರಫಲ್ ಹೆಚ್ಚಿ ಪಾತ್ರೆಗೆ ಹಾಕಿ ಕೊತಕೊತ ಕುದಿಸಿದಳಂತೆ. ಆಮೇಲೆ ಏನಾಯ್ತು? ವಾಸನೆಯೆಲ್ಲ ಹಬೆ ಜೊತೆ ಎದ್ದು ಕಿಟಕೀಲಿ ಹಾರಿಹೋಯ್ತಂತೆ. ಬೀದಿಯವರೆಲ್ಲ ಮೂಗು ಅರಳಿಸ್ಕೊಂಡು ಬಂದು ಕಿಟಕಿ ಕೆಳಗೆ ನಿಂತರು, ಪಕ್ಕದ ಮನೆ ಬೆಕ್ಕು ಸೂರು ಹತ್ತಿ ಕೂತಿತು. ಒಳಗೆ ಅಮ್ಮನ ತಟ್ಟೇಲಿ ಮಾತ್ರ ಬೆಂದ ರಬ್ಬರಿನಂಥ ಚೂರು. ಅಮ್ಮ ಒಂದು ತುತ್ತು ನುಂಗಿ, ಚೆನ್ನಾಗಿದೆ ಮಗಳೇ ಅಂದ್ಲಂತೆ.

ನಾನೂ ಅದೇ ಮಾಡೋಕೆ ಹೋಗಿದ್ದೆ ಕಣೆ! ಆ ಅಡುಗೆ ಮನೇಲಿ ಟ್ರಫಲ್ ಕೈಗೆ ಕೊಟ್ಟ ತಕ್ಷಣ ನಾನು ಎಣ್ಣೆ ಕಾಯಿಸಿ ಸಾಸಿವೆ ಎಲ್ಲಿ ಅಂತ ಹುಡುಕಿದೆ. ಆ ಅಜ್ಜಿ ಪಟ್ ಅಂತ ಕೈ ಮೇಲೆ ಹೊಡೆದಳು. ಹೊಡೆದ ಮೇಲೇ ಈ ಕತೆ ಹೇಳಿದ್ದು.

ತೆರ್ಸಿಲ್ಲ ಬಾರ್ಬಾ ತಿಸ್ತಾನ ಹತ್ತಿರ ಹೋಗಿ, ಈ ಸಲ ಜೋರಾಗೇ ಅತ್ತಳಂತೆ. ಮುದುಕ ತಲೆ ಚಚ್ಚಿಕೊಂಡು, ಅದನ್ನ ಬೆಂಕಿಗೆ ತೋರಿಸೋದೇ ಇಲ್ಲ ಕಣೆ, ಬಿಸಿ ಅನ್ನವೋ ಶಾವಿಗೆಯೋ ಅದರ ಮೇಲೆ ಹಸಿಯಾಗೇ ತುರಿಯೋದು, ತಟ್ಟೆ ಬಿಸೀಗೇ ಅದು ಬಾಯಿ ಬಿಡುತ್ತೆ ಅಂದನಂತೆ. ಮೊದಲೇ ಯಾಕೆ ಹೇಳಲಿಲ್ಲ ಅಂತ ಅವಳು ರೇಗಿದಳಂತೆ. ನಿಮ್ಮಮ್ಮನಂಥ ಅಮ್ಮ ಇದ್ದೂ ನಿನಗೆ ಗೊತ್ತಿಲ್ಲ ಅಂತ ನಾನು ಕನಸು ಕಂಡಿದ್ನಾ ಅಂದನಂತೆ. ನಿಜ ಹೇಳಬೇಕು ಅಂದ್ರೆ, ಅಮ್ಮ ಹೇಳಿಕೊಡೋವಾಗ ಇವಳು ಯಾವತ್ತು ಕಿವಿಗೊಟ್ಟಿದ್ಲು?

ಅಷ್ಟೊತ್ತಿಗೆ ಚಳಿ ಬಲಿತು ಮೊದಲನೇ ಹಿಮ ಬೀಳೋ ಹಾಗಿತ್ತಂತೆ. ಹಿಮ ಬಿದ್ದರೆ ಆ ವರ್ಷಕ್ಕೆ ಮುಗೀತು. ಬೇರೆ ಬೇಟೆಗಾರರೆಲ್ಲ ಗುದ್ದಲಿ ತೊಳೆದು ಒಳಗಿಟ್ಟಿದ್ರು. ಇನ್ನೇನೂ ಸಿಕ್ಕಲ್ಲ, ಸುಮ್ಮನೆ ಹೋಗಬೇಡ ಅಂದ್ರಂತೆ. ತೆರ್ಸಿಲ್ಲ ತಲೆಗೆ ಬಟ್ಟೆ ಕಟ್ಕೊಂಡು ಬ್ರಿಚೋಲನ್ನ ಕರ್ಕೊಂಡು ಹೊರಟೇಬಿಟ್ಟಳಂತೆ. ಇಡೀ ಗುಡ್ಡ ಸುತ್ತಿದ್ರು, ಎಲ್ಲೂ ಇಲ್ಲ. ಆಮೇಲೆ ನಾಯಿ ಇದ್ದಕ್ಕಿದ್ದಂಗೆ ನಿಂತು, ಕಿವಿ ನಿಮಿರಿಸಿ, ಓಡಿ ಹೋಗಿ ಒಂದು ಜಾಗದಲ್ಲಿ ಕೆರೀತಂತೆ. ಯಾವ ಜಾಗ ಹೇಳು?

ಮುಚ್ಚಿದ್ಲಲ್ಲ, ಅಲ್ಲಿ, ಅಂದ್ಯಾ? ಶಹಬ್ಬಾಸ್, ನಿದ್ದೆಗಣ್ಣಲ್ಲೂ ಚುರುಕಾಗಿದೀಯ. ಅದೇ ಎಳಸು ಕಿತ್ತಿದ್ದ ಮರದ ಬುಡ. ಅವಳೇ ಕೈಯಾರೆ ಮಣ್ಣು ತುಂಬಿ ಎಲೆ ಹೊದಿಸಿದ್ದ ಗುಂಡಿ. ಒಣಗಬೇಕಾಗಿದ್ದ ಬೇರು ಒಣಗಿರಲಿಲ್ಲ, ಅದರ ಪಕ್ಕದಲ್ಲಿ ನಿಂಬೆಹಣ್ಣಿನಷ್ಟು ಇನ್ನೊಂದು ಬಲಿತು ಕೂತಿತ್ತಂತೆ. ಅವಳು ಬೆರಳಲ್ಲೇ ಮೆಲ್ಲಗೆ ಬಿಡಿಸಿ ತೆಗೆದು, ಚೀಲದಲ್ಲಿದ್ದ ರೊಟ್ಟಿಯನ್ನೆಲ್ಲ ಬ್ರಿಚೋಲಂಗೇ ಕೊಟ್ಟು, ಗುಂಡಿ ಮುಚ್ಚಿ, ಟ್ರಫಲ್‌ನ ಕರ್ಚೀಫಲ್ಲಿ ಸುತ್ತಿ ಎದೆ ಹತ್ತಿರ ಇಟ್ಕೊಂಡು ಇಳಿದಳಂತೆ. ದಾರೀಲಿ ಹಿಮ ಶುರುವಾಯ್ತಂತೆ.

ಮನೇಲಿ ಹಿಟ್ಟು ನಾದಿದಳು, ಲಟ್ಟಿಸಿದಳು, ಅವಸರ ಮಾಡದೆ ಸಣ್ಣಗೆ ಹೆಚ್ಚಿದಳು. ಶಾವಿಗೆ ಬೇಯಿಸಿ, ಬೆಣ್ಣೆ ಹಾಕಿ, ಹಬೆಯಾಡೋ ತಟ್ಟೆ ತಂದು ಅಮ್ಮನ ಮುಂದೆ ಇಟ್ಟಳಂತೆ. ಒಲೆ ಹತ್ತಿರ ಅಲ್ಲ, ಅಮ್ಮನ ಮೂಗಿನ ಕೆಳಗೇ ಕರ್ಚೀಫು ಬಿಚ್ಚಿ, ಚಾಕೂಲಿ ಹಾಳೆಹಾಳೆಯಾಗಿ ತುರಿದಳಂತೆ. ಒರ್ಸೋಲ ಸುಮ್ಮನೆ ಕೂತಿದ್ದಳು. ಏನೂ ಇಲ್ಲ. ತೆರ್ಸಿಲ್ಲ ಇನ್ನೂ ತುರಿದಳು. ಆಮೇಲೆ ಅಮ್ಮನ ಮೂಗಿನ ಹೊಳ್ಳೆ ಒಂದು ಸಲ ಅಲ್ಲಾಡಿತಂತೆ. ಇನ್ನೊಂದು ಸಲ ಅಲ್ಲಾಡಿತಂತೆ. ಚಮಚ ಎತ್ತಿ ಒಂದು ತುತ್ತು ಬಾಯಿಗಿಟ್ಟಳು. ಅಗಿದಳು. ಹುಬ್ಬು ಗಂಟು ಹಾಕಿದಳು.

ಉಪ್ಪು ಕಮ್ಮಿ ಅಂದ್ಲಂತೆ.

ತೆರ್ಸಿಲ್ಲ ಕೈಲಿದ್ದ ಚಾಕು ಹಾಗೇ ನಿಂತುಬಿಡ್ತಂತೆ. ಏನಂದೆ ಅಮ್ಮ, ಇನ್ನೊಂದು ಸಲ ಹೇಳು ಅಂದ್ಲಂತೆ. ಕಿವಿ ಕೇಳಲ್ವಾ ನಿಂಗೆ, ಉಪ್ಪು ಕಮ್ಮಿ ಅಂದೆ, ನೀರಿಗೇ ಉಪ್ಪು ಹಾಕಬೇಕು ಅಂತ ಎಷ್ಟು ಸಲ ಬಡ್ಕೊಂಡಿದೀನಿ, ಬೆಣ್ಣೆ ನೋಡಿದರೆ ತೇಲಾಡ್ತಿದೆ, ಅದೇನು ಉಗುರಲ್ಲಿ ಅಷ್ಟು ಮಣ್ಣು, ಈ ಕೈಯಲ್ಲಾ ಹಿಟ್ಟು ನಾದಿದ್ದು ಅಂತ ಶುರು ಮಾಡಿದವಳು ನಿಲ್ಲಿಸಲೇ ಇಲ್ಲವಂತೆ. ಬೈತಾ ಬೈತಾ ತಟ್ಟೆ ಖಾಲಿ ಮಾಡಿದಳಂತೆ. ತೆರ್ಸಿಲ್ಲ ಅಮ್ಮನ ಮಡಿಲಲ್ಲಿ ಮುಖ ಇಟ್ಟು ಅಳ್ತಾ ನಗ್ತಾ, ಬೈಯಮ್ಮ, ಇನ್ನೂ ಬೈಯಿ ಅಂತಿದ್ಲಂತೆ.

ಆಮೇಲೆ ಒರ್ಸೋಲ ಮೈ ತುಂಬಿಕೊಂಡು ಮೊದಲಿನ ಹಾಗಾದಳಂತೆ. ಭಾನುವಾರ ಭಾನುವಾರ ಬಾರ್ಬಾ ತಿಸ್ತಾನೂ ಅವರ ಮನೇಲೇ ಊಟಕ್ಕೆ ಬರೋನು, ಕಾಲು ಒರೆಸಿ ಬಾ ಅಂತ ಅವನಿಗೂ ಬೈಗುಳ ಬೀಳೋದು. ಬ್ರಿಚೋಲಂಗೆ ಒಲೆ ಪಕ್ಕ ಗೋಣಿಚೀಲದ ಹಾಸಿಗೆ. ತೆರ್ಸಿಲ್ಲ ಆ ಗುಡ್ಡದ ಮೊದಲನೇ ಹೆಣ್ಣು ಬೇಟೆಗಾರ್ತಿಯಾಗಿ, ಕೇಳಿಕೊಂಡು ಬಂದವರಿಗೆಲ್ಲ ಹುಡುಕೋದು, ಮುಚ್ಚೋದು, ತುರಿಯೋದು ಮೂರನ್ನೂ ಹೇಳಿಕೊಟ್ಟಳಂತೆ. ಯಾರಾದರೂ ಒಲೆಗೆ ಹಾಕೋಕೆ ಹೋದರೆ ಕೈ ಮೇಲೆ ಪಟ್ ಅಂತ ಒಂದೇಟು. ನನಗೆ ಬಿತ್ತಲ್ಲ, ಆ ಏಟು ಅಲ್ಲಿಂದ ಬಂದಿದ್ದಂತೆ.

ಮಲಗಿಬಿಟ್ಯಾ? ಮಲಕ್ಕೋ ಮಲಕ್ಕೋ. ನಾಳೆ ನಿಮ್ಮಮ್ಮ ನನ್ನ ಹುಳಿಗೆ ಹೆಸರಿಟ್ಟರೆ ನಾನೇನೂ ಅನ್ನಲ್ಲ, ಬಾಯ್ತುಂಬ ಬೈಲಿ ಪಾಪ. ಅವರ ತಟ್ಟೆ ಅಲ್ಲಿ ಖಾಲಿಯಾಯ್ತು, ನನ್ನ ಕತೆ ಇಲ್ಲಿ ಮುಗೀತು.