ರಿಪೇರಿಗಾರನ ಗುರುತು

"ಗುರುಗಳೇ, ಒಬ್ಬನನ್ನು ಎಷ್ಟು ಸಲ ತಿದ್ದಬೇಕು?" ಎಂದು ಸುಬ್ರಾಯ ಕೇಳಿದ.

ಸುಬ್ರಾಯ ಆಶ್ರಮದ ಹಿರಿಯ ಶಿಷ್ಯ. ಹೊಸದಾಗಿ ಬಂದವರಿಗೆ ಧ್ಯಾನಕ್ಕೆ ಕೂರುವುದನ್ನು ಕಲಿಸುವ ಕೆಲಸ ಅವನದು. ಆ ದಿನ ಅವನು ಕಾಲು ತೊಳೆಯದೆ ನೇರವಾಗಿ ಒಳಗೆ ಬಂದಿದ್ದ. ಗುರುಗಳು ಅದನ್ನು ನೋಡಿದರು.

"ಯಾರನ್ನು?" ಎಂದರು.

"ಜಟ್ಟಪ್ಪನನ್ನು. ನಾಲ್ಕು ಸಲ ಹೇಳಿದ್ದೇನೆ. ಬೆನ್ನು ನೆಟ್ಟಗಿರಲಿ, ಕಣ್ಣು ಮುಚ್ಚು, ಉಸಿರನ್ನು ಗಮನಿಸು. ಇಷ್ಟೇ. ಇದರಲ್ಲಿ ತಿಳಿಯದೆ ಇರುವಂಥದ್ದು ಏನಿದೆ? ಕೂತ ಸ್ವಲ್ಪ ಹೊತ್ತಿಗೇ ಎದ್ದು ಹೊರಗೆ ಹೋಗುತ್ತಾನೆ. ಉಳಿದ ಹನ್ನೊಂದು ಜನ ಕೂರುತ್ತಾರೆ, ಇವನಿಗೊಬ್ಬನಿಗೆ ಆಗುವುದಿಲ್ಲ. ಶ್ರದ್ಧೆ ಇಲ್ಲ, ಅಷ್ಟೇ. ಗಂಟು ಕಟ್ಟಿಕೋ ಎಂದು ಹೇಳಿ ಬಂದಿದ್ದೇನೆ. ನಾಳೆ ಬೆಳಗಿನ ಬಸ್ಸಿಗೆ ಊರಿಗೆ ಕಳಿಸುತ್ತೇನೆ. ತಾವು ಹೂಂ ಅಂದರೆ ಸಾಕು."

ಗುರುಗಳು ಹೂಂ ಅನ್ನಲಿಲ್ಲ. "ಕೂತುಕೋ" ಎಂದು ಈ ಕತೆ ಹೇಳಿದರು.

ಕಡಲ ತೀರದ ಒಂದು ಊರಿನಲ್ಲಿ ಒಬ್ಬ ರಿಪೇರಿಗಾರನಿದ್ದ. ಅವನು ಕಡಲಾಟದ ಗಾಳಿಪಟಗಳನ್ನು ರಿಪೇರಿ ಮಾಡುತ್ತಿದ್ದ. ಕಾಲಿಗೆ ಹಲಗೆ, ಸೊಂಟಕ್ಕೆ ಹಗ್ಗ, ಮೇಲೆ ಮನೆಯ ಮಾಡಿನಷ್ಟು ದೊಡ್ಡ ಗಾಳಿಪಟ; ಅದು ಎಳೆದಂತೆ ಅಲೆಗಳ ಮೇಲೆ ಹೋಗುತ್ತಾರಲ್ಲ, ಆ ಆಟ. ನಮ್ಮ ದಡದಲ್ಲಿಯೂ ನೀನು ನೋಡಿದ್ದೀಯ.

ಆ ಗಾಳಿಪಟದ ಮುಂದಿನ ಅಂಚು ಬಟ್ಟೆಯ ಒಂದು ಉದ್ದನೆಯ ಗವಸು. ಗವಸಿನ ಒಳಗೆ ತೆಳುವಾದ ಗಾಳಿಚೀಲ. ಚೀಲಕ್ಕೆ ಒಂದು ವಾಲ್ವ್ ಅಂಟಿಸಿರುತ್ತಾರೆ. ಅದರ ಬಾಯಿ ಗವಸಿನ ತೂತಿನಿಂದ ಹೊರಗೆ ಬಂದಿರುತ್ತದೆ. ಅಲ್ಲಿ ಪಂಪು ಹೊಡೆದರೆ ಅಂಚು ಬಿದಿರಿನಂತೆ ಬಿಗಿಯಾಗುತ್ತದೆ. ವಾಲ್ವ್ ಸೋರಿದರೆ ಅಂಚು ಮೆತ್ತಗಾಗಿ ಗಾಳಿಪಟ ನೀರಿಗೆ ಬೀಳುತ್ತದೆ. ಬಿದ್ದದ್ದು ಏಳುವುದಿಲ್ಲ. ಸವಾರ ಈಜಿಕೊಂಡು ಬರಬೇಕು. ದಡ ದೂರವಿದ್ದರೆ ಬರುತ್ತಾನೆಂಬ ಭರವಸೆ ಇಲ್ಲ.

ಆ ಕರಾವಳಿಯಲ್ಲಿ ವಾಲ್ವ್ ಕೂರಿಸಲು ಬಲ್ಲವನು ಅವನೊಬ್ಬನೇ. ಶಿಸ್ತಿನ ಮನುಷ್ಯ. ಹಳೆಯ ಅಂಟನ್ನು ಚೂರೂ ಉಳಿಸದೆ ಕೆರೆಯುತ್ತಿದ್ದ. ಅಳತೆಪಟ್ಟಿ ಇಡದೆ ಏನನ್ನೂ ಅಂಟಿಸುತ್ತಿರಲಿಲ್ಲ. ಅಂಟಿಸಿದ್ದನ್ನು ಒಂದಿಡೀ ದಿನ ಭಾರದ ಕೆಳಗೆ ಇಡುತ್ತಿದ್ದ. ಆಮೇಲೆ ಗಾಳಿಚೀಲವನ್ನು ಮೇಜಿನ ಮೇಲೆ ಉಬ್ಬಿಸಿ, ಸಾಬೂನು ನೀರು ಸವರಿ ನೋಡುತ್ತಿದ್ದ. ಒಂದೇ ಒಂದು ಗುಳ್ಳೆ ಎದ್ದರೂ ಕಿತ್ತು ಮೊದಲಿನಿಂದ ಮಾಡುತ್ತಿದ್ದ.

ಅವನ ಬಳಿಗೆ ಒಬ್ಬ ಸವಾರ ಬಂದ. ಅವನ ಗಾಳಿಪಟದ ವಾಲ್ವ್ ಬುಡದಲ್ಲಿ ಬಿಟ್ಟಿತ್ತು. ರಿಪೇರಿಗಾರ ಹಳೆಯದನ್ನು ತೆಗೆದ. ಅಳೆದು, ಹೊಸ ವಾಲ್ವ್ ಕೂರಬೇಕಾದ ಜಾಗದಲ್ಲಿ ಚೀಲದ ಮೇಲೆ ನೀಲಿ ಶಾಯಿಯಿಂದ ಗುರುತು ಹಾಕಿದ. ಗುರುತಿಗೆ ಸರಿಯಾಗಿ ಅಂಟಿಸಿ ಕೊಟ್ಟ.

ಹದಿನೈದು ದಿನಕ್ಕೆ ಸವಾರ ತಿರುಗಿ ಬಂದ. ಅದೇ ವಾಲ್ವ್, ಅದೇ ಬುಡ.

"ಮರಳಿನ ಮೇಲೆ ಎಳೆದಾಡಿದ್ದೀಯ" ಎಂದ ರಿಪೇರಿಗಾರ.

"ಇಲ್ಲ ಯಜಮಾನರೇ. ಪಂಪು ಹೊಡೆಯುವಾಗ ಅದು ಒಂದು ಬದಿಗೆ..."

"ಬದಿಯೂ ಇಲ್ಲ, ಗಿದಿಯೂ ಇಲ್ಲ. ಮರಳು ಹೊಕ್ಕರೆ ಯಾವ ವಾಲ್ವ್ ತಡೆಯುತ್ತದೆ? ಇನ್ನು ಮೇಲೆ ಟಾರ್ಪಾಲು ಹಾಸಿ ಅದರ ಮೇಲೆ ಬಿಡಿಸು."

ಸವಾರ ಟಾರ್ಪಾಲು ತಂದ. ರಿಪೇರಿಗಾರ ಹಳೆಯ ಅಂಟು ಕೆರೆದು, ತನ್ನ ಗುರುತು ಹುಡುಕಿ, ಅಲ್ಲಿಗೇ ಹೊಸ ವಾಲ್ವ್ ಅಂಟಿಸಿದ. ಮೂರು ವಾರ ತಡೆಯಿತು. ಸವಾರ ಮತ್ತೆ ಬಂದು ಬಾಗಿಲಲ್ಲಿ ನಿಂತಾಗ ರಿಪೇರಿಗಾರ ಕೈಯಲ್ಲಿದ್ದ ಕತ್ತರಿಯನ್ನು ಮೇಜಿನ ಮೇಲೆ ಕುಕ್ಕಿದ.

"ಗಾಳಿ ತುಂಬಿಸಿ ಬಿಸಿಲಿನಲ್ಲಿ ಇಟ್ಟಿರುತ್ತೀಯ. ನಾಲ್ಕು ಜನ ನೋಡಲಿ ಎಂದು. ಅಂಟು ಬಿಡದೆ ಇನ್ನೇನಾಗುತ್ತದೆ?"

"ನಾನು ಕಡಲಿಗೆ ಇಳಿಯುವುದೇ ಬಿಸಿಲು ಇಳಿದ ಮೇಲೆ ಮಾರಾಯರೇ. ಆಗ ನೋಡುವುದಕ್ಕೆ ಅಲ್ಲಿ ಎರಡು ನಾಯಿ ಬಿಟ್ಟರೆ ಯಾರಿರುತ್ತಾರೆ?"

"ಬಾಯಿಗೇನೂ ಕಡಿಮೆ ಇಲ್ಲ" ಎಂದ ರಿಪೇರಿಗಾರ. ಒಂದು ರಟ್ಟಿನ ಮೇಲೆ ನಿಯಮಗಳನ್ನು ಬರೆದ. ಮರಳಿನಲ್ಲಿ ಎಳೆಯಬಾರದು. ಬಿಸಿಲಿನಲ್ಲಿ ಇಡಬಾರದು. ಎಣಿಸದೆ ಪಂಪು ಹೊಡೆಯಬಾರದು. ಮಡಿಸುವ ಮೊದಲು ಒಣಗಿಸಬೇಕು. ರಟ್ಟನ್ನು ಸವಾರನ ಕೈಗೆ ಕೊಟ್ಟು ಗಟ್ಟಿಯಾಗಿ ಓದಿಸಿದ. ಸವಾರ ಓದಿದ. ಓದಿ ಮುಗಿಸಿ, "ಇದರಲ್ಲಿ ಇಲ್ಲದ ಒಂದು ವಿಷಯ ಇದೆ" ಎಂದ. "ಇದರಲ್ಲಿ ಇರುವುದನ್ನು ಮೊದಲು ಮಾಡು" ಎಂದು ರಿಪೇರಿಗಾರ ಕೆಲಸಕ್ಕೆ ಕೂತ. ಈ ಸಲ ಅವನು ಇನ್ನಷ್ಟು ಎಚ್ಚರ ವಹಿಸಿದ. ನೀಲಿ ಗುರುತಿನಿಂದ ಕೂದಲೆಳೆಯಷ್ಟೂ ಅತ್ತಿತ್ತ ಆಗದಂತೆ, ಕನ್ನಡಕ ಹಾಕಿಕೊಂಡು, ಎರಡು ಸಲ ಅಳೆದು ಅಂಟಿಸಿದ.

ಆ ವಾಲ್ವ್ ಕಡಲಿನ ನಡುವೆ ಬಿಟ್ಟಿತು. ದಡ ಒಂದು ಗೆರೆಯಂತೆ ಕಾಣುವಷ್ಟು ದೂರ. ಸವಾರ ಒಂದು ಗಂಟೆಗೂ ಹೆಚ್ಚು ಈಜಿದ. ಕೈ ಸೋತು ನೀರು ಕುಡಿಯತೊಡಗಿದಾಗ ಒಂದು ಮೀನು ದೋಣಿಯವರು ಕಂಡು ಎಳೆದುಕೊಂಡರು.

ಮರುದಿನ ಅವನು ಗಾಳಿಪಟವನ್ನು ತಂದು ಮೇಜಿನ ಮೇಲೆ ಇಟ್ಟ. ಅವನ ಅಂಗೈಯಲ್ಲಿ ಹಗ್ಗ ಕೊಯ್ದ ಗಾಯವಿತ್ತು.

"ಯಜಮಾನರೇ, ಈ ಸಲವಾದರೂ ನಾನು ಹೇಳುವುದನ್ನು ಕೇಳಿ."

"ಏನು ಕೇಳುವುದು? ನನ್ನ ಕೈಯಿಂದ ನೂರಾರು ವಾಲ್ವ್ ಹೋಗಿವೆ. ಒಂದೂ ತಿರುಗಿ ಬಂದಿಲ್ಲ. ನಿನ್ನದೊಂದೇ ಬರುತ್ತದೆ. ಹಾಗಾದರೆ ತಪ್ಪು ಯಾರದು? ನೀನೇ ಹೇಳು."

ಇಲ್ಲಿ ಸುಬ್ರಾಯ ತಡೆಯಲಾರದೆ, "ಸರಿಯಾದ ಪ್ರಶ್ನೆ ಗುರುಗಳೇ" ಎಂದ.

"ಅವನಿಗೂ ಹಾಗೆಯೇ ಅನ್ನಿಸಿತ್ತು" ಎಂದು ಗುರುಗಳು ಮುಂದುವರಿಸಿದರು.

ರಿಪೇರಿಗಾರ ಹೇಳಿದ, "ಕೊನೆಯ ಸಲ ಮಾಡಿಕೊಡುತ್ತೇನೆ. ಆದರೆ ನಾನೇ ದಡಕ್ಕೆ ಬಂದು ನಿಲ್ಲುತ್ತೇನೆ. ನೀನು ಮಾಡುವ ತಪ್ಪನ್ನು ಕಣ್ಣಾರೆ ನೋಡಿ, ನಿನಗೆ ತೋರಿಸುತ್ತೇನೆ. ಅಲ್ಲಿಗೆ ಮುಗಿಯಿತು. ಆಮೇಲೆ ಈ ಬಾಗಿಲಿಗೆ ಬರಬೇಡ. ನೀರಿಗೂ ಇಳಿಯಬೇಡ."

"ಬನ್ನಿ. ಬಂದರೆ ಅಷ್ಟೇ ಸಾಕು" ಎಂದ ಸವಾರ.

ರಿಪೇರಿಗಾರ ನಾಲ್ಕನೆಯ ವಾಲ್ವನ್ನು ಗುರುತಿಗೆ ಸರಿಯಾಗಿ ಅಂಟಿಸಿದ. ಗಾಳಿಚೀಲವನ್ನು ಗವಸಿನೊಳಗೆ ಸೇರಿಸಿ, ಎರಡೂ ತುದಿಗಳನ್ನು ಬಿಗಿದು, ದಡಕ್ಕೆ ಹೋದ. ಕೈಕಟ್ಟಿ ನಿಂತ.

ಸವಾರ ಟಾರ್ಪಾಲು ಹಾಸಿದ. ಅದರ ಮೇಲಿನ ಮರಳನ್ನು ಕೈಯಿಂದ ಗುಡಿಸಿದ. ಗಾಳಿಪಟ ಬಿಡಿಸಿದ. ವಾಲ್ವಿನ ಬಾಯನ್ನು ಬಟ್ಟೆಯಿಂದ ಒರೆಸಿದ. ಎಣಿಸುತ್ತಾ ಪಂಪು ಹೊಡೆದ. ರಿಪೇರಿಗಾರ ಒಂದೊಂದನ್ನೂ ನೋಡುತ್ತಿದ್ದ. ರಟ್ಟಿನಲ್ಲಿ ಬರೆದದ್ದನ್ನೆಲ್ಲ ಸವಾರ ಮಾಡಿದ. ಬರೆಯದೆ ಇದ್ದದ್ದನ್ನೂ ಮಾಡಿದ. ಹಿಡಿಯಲು ಒಂದು ತಪ್ಪೂ ಸಿಗದೆ ರಿಪೇರಿಗಾರನ ಸಿಟ್ಟು ಏರುತ್ತಾ ಹೋಯಿತು.

ಅಂಚು ಬಿಗಿಯಾಯಿತು.

ರಿಪೇರಿಗಾರನ ಅಂಗಡಿ ಚಿಕ್ಕದು. ಅಲ್ಲಿ ಗಾಳಿಪಟವನ್ನು ಪೂರ್ತಿ ಹರಡಲು ಜಾಗವಿರಲಿಲ್ಲ. ಗಾಳಿಚೀಲವೊಂದನ್ನೇ ಮೇಜಿನ ಮೇಲೆ ಉಬ್ಬಿಸಿ ಪರೀಕ್ಷೆ ಮಾಡುವುದು ಅವನ ರೂಢಿ. ತಾನು ರಿಪೇರಿ ಮಾಡಿದ ಗಾಳಿಪಟ ಪೂರ್ತಿ ಗಾಳಿ ತುಂಬಿ ನಿಂತದ್ದನ್ನು ಅವನು ಹತ್ತಿರದಿಂದ ಎಂದೂ ನೋಡಿರಲಿಲ್ಲ. ಈಗ ನೋಡಿದ. ವಾಲ್ವಿನ ಬಾಯಿ ಗವಸಿನ ತೂತಿನಲ್ಲಿ ನೆಟ್ಟಗೆ ನಿಂತಿರಲಿಲ್ಲ. ತೂತಿನ ಅಂಚು ಅದನ್ನು ಒಂದು ಬದಿಗೆ ಒತ್ತಿ ಹಿಡಿದಿತ್ತು. ಬುಡ ಸುಕ್ಕುಗಟ್ಟಿ ಬೆಳ್ಳಗಾಗಿತ್ತು.

ರಿಪೇರಿಗಾರ ಜೇಬಿನಿಂದ ಅಳತೆಪಟ್ಟಿ ತೆಗೆದು ತೂತಿನ ಜಾಗವನ್ನು ಅಳೆದ. ಗಾಳಿ ತೆಗೆದು, ಚೀಲವನ್ನು ಹೊರಗೆಳೆದು ತನ್ನ ಗುರುತನ್ನು ಅಳೆದ. ಅರ್ಧ ಬೆರಳು ವ್ಯತ್ಯಾಸ. ಮೊದಲ ದಿನ ಅವನು ತೂತಿನ ದೂರವನ್ನು ಗವಸಿನ ತುದಿಯ ಹೊಲಿಗೆಯಿಂದ ಅಳೆಯಬೇಕಾಗಿತ್ತು. ಹೊಲಿಗೆಯ ಆಚೆಗಿನ ಮಡಿಕೆಯಿಂದ ಅಳೆದಿದ್ದ. ಆಮೇಲೆ ಅವನು ತೂತನ್ನು ಎಂದೂ ಅಳೆಯಲಿಲ್ಲ, ತನ್ನ ಗುರುತನ್ನೇ ಅಳೆದ. ನಾಲ್ಕು ಸಲವೂ, ಕೂದಲೆಳೆಯಷ್ಟೂ ತಪ್ಪದೆ, ತಪ್ಪು ಜಾಗಕ್ಕೇ ಅಂಟಿಸಿದ್ದ.

ಅವನು ಟಾರ್ಪಾಲಿನ ಮೇಲೆ ಕೂತು ಇನ್ನೊಮ್ಮೆ ಅಳೆದ. ಆಮೇಲೆ ತಲೆಯೆತ್ತಿ, ಕೋಪದಿಂದಲೇ ಕೇಳಿದ:

"ಬಾಯಿ ಓರೆಯಾಗುತ್ತದೆ ಎಂದು ನೀನು ಮೊದಲೇ ಯಾಕೆ ಹೇಳಲಿಲ್ಲ?"

ಸವಾರ ಅವನನ್ನೇ ನೋಡಿದ. ಅಂಗೈಯ ಗಾಯವನ್ನು ಒಮ್ಮೆ ಪಂಚೆಗೆ ಒರೆಸಿಕೊಂಡ. "ಹೇಳಲಿಲ್ಲವೇ?" ಎಂದ.

ಗುರುಗಳು ಅಲ್ಲಿಗೆ ನಿಲ್ಲಿಸಿದರು.

ಸುಬ್ರಾಯ ಹೇಳಿದ, "ಅವನದು ಅಳತೆಯ ತಪ್ಪು ಗುರುಗಳೇ. ನನ್ನದರಲ್ಲಿ ಅಂಥದ್ದು ಇಲ್ಲ. ನಾನು ಹೇಳಿಕೊಟ್ಟದ್ದು ತಾವು ನನಗೆ ಹೇಳಿಕೊಟ್ಟದ್ದೇ. ಒಂದಕ್ಷರ ಹೆಚ್ಚಿಲ್ಲ, ಕಡಿಮೆಯಿಲ್ಲ. ಬೇಕಾದರೆ ಈಗಲೇ ಜಟ್ಟಪ್ಪನನ್ನು ಕರೆಸಿ, ಕೇಳಿ ನೋಡಿ. ನಾನು ಹೇಳಿದ್ದನ್ನೆಲ್ಲ ಅವನು ಬಾಯಿಪಾಠ ಒಪ್ಪಿಸುತ್ತಾನೆ."

"ಒಪ್ಪಿಸುತ್ತಾನೆ, ಗೊತ್ತು" ಎಂದರು ಗುರುಗಳು. "ಕೂತವನು ಯಾಕೆ ಎದ್ದು ಹೋಗುತ್ತಾನಂತೆ?"

ಸುಬ್ರಾಯ ಉತ್ತರಿಸಲು ಬಾಯಿ ತೆರೆದ. ಅದನ್ನು ಅವನು ಜಟ್ಟಪ್ಪನನ್ನು ಒಮ್ಮೆಯೂ ಕೇಳಿರಲಿಲ್ಲ.